ಮೊದಲ ಉಸಿರು ಮತ್ತು ಒಂದು ತೆಳು ಪದರ

ಗರ್ಭದಲ್ಲಿರುವ ಶಿಶುವಿಗೆ ಆಮ್ಲಜನಕವು ತಾಯಿಯ ರಕ್ತದಿಂದ ಮಾಸಿನ ಮೂಲಕ ಒದಗುತ್ತದೆ. ಆಗ ಅದರ ಶ್ವಾಸಕೋಶಗಳಲ್ಲಿ ತುಂಬಿರುವುದು ದ್ರವ. ಹುಟ್ಟಿದೊಡನೆ ಈ ದ್ರವವು ಸರಿದು ಗಾಳಿಗೆ ಎಡೆಗೊಡಬೇಕು. ಬಹುಪಾಲು ಶಿಶುಗಳಲ್ಲಿ ಈ ಕಾರ್ಯ ಸುಗಮವಾಗಿ ನಡೆಯುತ್ತದೆ. ಆದರೆ ದಿನ ತುಂಬದೆ ಹುಟ್ಟಿದ ಹಲವು ಶಿಶುಗಳು ಒಂದೊಂದು ಉಸಿರಿಗೂ ಹೆಣಗುತ್ತವೆ. ಇದಕ್ಕೆ ಕಾರಣವೇನು?

ಶ್ವಾಸಕೋಶದಲ್ಲಿ ವಾಯುಕೋಶಗಳೆಂಬ ಅತಿಸೂಕ್ಷ್ಮ ಚೀಲಗಳಿವೆ. ಅವುಗಳ ಒಳಗೋಡೆ ಸದಾ ತೇವವಾಗಿರುತ್ತದೆ. ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ನೀರಿನ ಮೇಲ್ಮೈ ಕುಗ್ಗಲು ಯತ್ನಿಸುತ್ತದೆ. ಇದನ್ನೇ ನಾವು ಮೇಲ್ಮೈ ಎಳೆತ ಎನ್ನುತ್ತೇವೆ. ಚೀಲ ಕಿರಿದಾದಷ್ಟೂ ಅದನ್ನು ಮುಚ್ಚಿಸುವ ಒತ್ತಡ ಹೆಚ್ಚು. ಬರಿಯ ನೀರಿನಿಂದ ಊದಿದ ಗುಳ್ಳೆ ನಿಲ್ಲದು. ಸಾಬೂನು ಬೆರೆಸಿದರೆ ಎಳೆತ ತಗ್ಗಿ ಗುಳ್ಳೆ ನಿಲ್ಲುತ್ತದೆ. ಶ್ವಾಸಕೋಶವೂ ಇಂತಹುದೇ ಉಪಾಯವನ್ನು ಬಳಸುತ್ತದೆ. ಬಹುಮಟ್ಟಿಗೆ ಕೊಬ್ಬಿನಿಂದಾದ, ಸ್ವಲ್ಪ ಪ್ರೋಟೀನು ಕೂಡಿದ ‘ಸರ್ಫ್ಯಾಕ್ಟೆಂಟ್’ ಎಂಬ ವಸ್ತುವನ್ನು ಅದು ಒಳಗೋಡೆಯ ಮೇಲೆ ತೆಳುವಾಗಿ ಹರಡುತ್ತದೆ. ಗರ್ಭದ ಸುಮಾರು 24ನೆಯ ವಾರದಲ್ಲಿ ಇದರ ತಯಾರಿಕೆ ಮೊದಲಾದರೂ, ಸಾಕಷ್ಟು ಸಂಗ್ರಹವಾಗುವುದು ಸುಮಾರು 35ನೆಯ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಹುಟ್ಟಿದ ಶಿಶುವಿನಲ್ಲಿ, ಉಸಿರು ಬಿಟ್ಟಾಗಲೆಲ್ಲ ವಾಯುಕೋಶಗಳು ಮುಚ್ಚಿಹೋಗುತ್ತವೆ.

ಈ ಕೊರತೆಯೇ ರೋಗದ ಮೂಲವೆಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. ಆದರೆ ಕಾರಣ ತಿಳಿದೊಡನೆ ಚಿಕಿತ್ಸೆ ಕೈಗೂಡಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್, ಐದು ವಾರಕ್ಕೂ ಹೆಚ್ಚು ಮುಂಚಿತವಾಗಿ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಇದೇ ರೋಗದಿಂದ ತೀರಿಕೊಂಡನು.

ಮುಂದಿನ ದಾರಿಯನ್ನು ಶಿಶುವೇ ಸೂಚಿಸಿತೆನ್ನಬಹುದು. ಇಂತಹ ಶಿಶು ಉಸಿರು ಬಿಡುವಾಗ ಮುಲುಕುತ್ತದೆ. ಗಂಟಲನ್ನು ಅರೆಮುಚ್ಚಿ ಗಾಳಿಯನ್ನು ಒಳಗೆ ತಡೆಹಿಡಿಯುವ ಯತ್ನವದು. 1971ರಲ್ಲಿ ಗ್ರೆಗರಿ ಮತ್ತು ಸಂಗಡಿಗರು ಉಸಿರ್ದಾರಿಯಲ್ಲಿ ಗಾಳಿಯ ಒತ್ತಡವನ್ನು ಎಡೆಬಿಡದೆ ಕಾಯ್ದಿರಿಸಿ ಅದೇ ಕೆಲಸವನ್ನು ಸಾಧಿಸಿದರು. ಹೆರಿಗೆಗೆ ಮುನ್ನ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಪಕ್ವವಾಗುವುದೆಂದು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ತಿಳಿಸಿದರು. 1980ರಲ್ಲಿ ಜಪಾನಿನ ಫುಜಿವಾರ ಮತ್ತು ಸಂಗಡಿಗರು ಹಸುವಿನ ಶ್ವಾಸಕೋಶದಿಂದ ಪಡೆದ ಸರ್ಫ್ಯಾಕ್ಟೆಂಟನ್ನು ಹತ್ತು ಶಿಶುಗಳಿಗೆ ಶ್ವಾಸನಾಳದ ಮೂಲಕ ಕೊಟ್ಟು ಗುಣ ಕಂಡರು.

ದಿನ ತುಂಬಿ ಹುಟ್ಟಿದ ಮಕ್ಕಳಿಗೂ ಉಸಿರಿನ ತೊಂದರೆ ಬರುವುದುಂಟು. ಒಳಗಿನ ದ್ರವ ತಡವಾಗಿ ಸರಿಯುವುದರಿಂದ ಬಂದದ್ದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಶಮನವಾಗುತ್ತದೆ, ನ್ಯುಮೋನಿಯ ಹಾಗಲ್ಲ. ಆದುದರಿಂದ ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸುವುದನ್ನು ನಾವೆಲ್ಲರೂ ಕಲಿಯಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನವರಿಗೆ 40 ಅಥವಾ ಅದಕ್ಕೂ ಹೆಚ್ಚಾದರೆ ಅದು ವೇಗದ ಉಸಿರು, ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇದುವುದು, ಮುಲುಕು, ತುಟಿ ನೀಲಿಗಟ್ಟುವುದು—ಇವುಗಳಲ್ಲಿ ಒಂದು ಕಂಡರೂ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.