ಹಕ್ಕಿ ಅದೇ, ನೀರು ಬೇರೆ

ಮೊರಬದ ಎರಿಹೊಲ ಬಿಟ್ಟು ಲಂಡನ್ನಿಗೋ ದುಬೈಗೋ ಹೋದ ತಮ್ಮಂದಿರೇ, ಶನಿವಾರ ಸಂಜೆ ಕಿಂಗ್‌ಫಿಷರ್ ಬಿಯರ್ ನೆನಪಾದರೆ ತಪ್ಪೇನಿಲ್ಲ. ದೊಡ್ಡ ಪಬ್ಬಿನಲ್ಲಿ ಹುಡುಕಬೇಡಿ. ನಮ್ಮ ದೇಶದವರು ನಡೆಸುವ ಊಟದ ಹೋಟೆಲಿನಲ್ಲಿ ಕೇಳಿ. ಸಿಕ್ಕ ಕೂಡಲೇ ಹಿಗ್ಗದೆ, ಬಾಟ್ಲಿ ತಿರುಗಿಸಿ ಸಣ್ಣಕ್ಷರ ಓದಿ. ಬ್ರಿಟನ್ನಿನಲ್ಲಿ ಮಾರುವ ಕಿಂಗ್‌ಫಿಷರ್ ಬಹಳ ವರ್ಷ ಕೆಂಟ್ ಸೀಮೆಯ ಫ್ಯಾವರ್‌ಶ್ಯಾಮ್ ಊರಲ್ಲೇ ತಯಾರಾಗುತ್ತಿತ್ತು. ಹಕ್ಕಿಯ ಚಿತ್ರ ಅದೇ, ನೀರು ಬೇರೆ. ಇಲ್ಲಿ ‘ಸ್ಟ್ರಾಂಗ್’ ಕುಡಿದ ನಾಲಿಗೆಗೆ ಅದು ಸಪ್ಪೆ ಅನ್ನಿಸೀತು. ಜೊತೆಗೆ ಹುರಿದ ಶೇಂಗಾ, ಹಸಿಮೆಣಸಿನಕಾಯಿ ಇಟ್ಟುಕೊಳ್ಳಿ, ಅರ್ಧ ಊರು ಬಂದಂತೆ. ಕೋಬ್ರಾದ ಕಥೆ ಇನ್ನೂ ತಮಾಷೆ: 1990ರಲ್ಲಿ ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಲ್ಲಿ ತಯಾರಾಗಿ ಲಂಡನ್ನಿನ ಕರಿ ಹೋಟೆಲುಗಳಿಗೆ ಹೋದ ಬಿಯರ್ ಅದು, ಆಮೇಲೆ ಅಲ್ಲಿಯದೇ ಆಗಿಬಿಟ್ಟಿತು.

ಕೊಲ್ಲಿಗೆ ಹೋದವರು ಮಾತ್ರ ಜ್ವಾಕಿ. ದುಬೈಯಲ್ಲಿ ಕುಡಿಯಲು 21 ತುಂಬಿರಬೇಕು, ಅಂಗಡಿಯಲ್ಲಿ ಕೊಳ್ಳಲು ಲೈಸೆನ್ಸ್ ಬೇಕು. ಅದೇ ಬಾಟ್ಲಿ ಹಿಡಿದು ಪಕ್ಕದ ಶಾರ್ಜಾಕ್ಕೆ ಕಾಲಿಟ್ಟರೆ ಅಪರಾಧ. ಕುವೈತ್‌ನಲ್ಲಂತೂ ಪೂರ್ಣ ನಿಷೇಧ. ಆಸೆ ತಡೆಯದೆ ಅಲ್ಲಿಯ ಕಳ್ಳಭಟ್ಟಿಗೆ ಕೈಹಾಕಬೇಡಿ. 2025ರ ಆಗಸ್ಟ್‌ನಲ್ಲಿ ಅದನ್ನು ಕುಡಿದು ಸತ್ತವರು 20ಕ್ಕೂ ಹೆಚ್ಚು.