ಬಂಗಲೆಯ ಬ್ಯಾರೋಮೀಟರ್, ಅಟ್ಟದ ಥಿಯೋಡೊಲೈಟ್: ಮಾಡಬೇಕಾದ್ದು, ಮಾಡಬಾರದ್ದು

ಕೊಡಗಿನಲ್ಲಿ ತೋಟದ ಬಂಗಲೆ, ಐನ್‌ಮನೆ, ಹೋಂಸ್ಟೇ ಇರುವವರಿಗೆ ಈ ಸೂಚನೆ. ಬ್ರಿಟಿಷ್ ಸರ್ವೆ ಅಧಿಕಾರಿ ಲ್ಯಾಂಬ್ಟನ್ ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನ ಸರ್ವೆ ನಡೆಸಿದಾಗ ನಮ್ಮ ತಡಿಯಂಡಮೋಳ್ ಬೆಟ್ಟವೂ ಆ ಸಾಲಿನಲ್ಲಿ ಬಂದಿತ್ತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಸರ್ವೆಯವರು, ತೋಟದವರು, ಆಮೇಲೆ ಸೈನ್ಯದಿಂದ ನಿವೃತ್ತರಾಗಿ ಬಂದವರು ತಂದಿಟ್ಟ ಥಿಯೋಡೊಲೈಟ್, ಡಂಪಿ ಲೆವೆಲ್, ಮಳೆಮಾಪಕ, ಬ್ಯಾರೋಮೀಟರ್, ದುರ್ಬೀನು, ದಿಕ್ಸೂಚಿಗಳು ಇಲ್ಲಿನ ಮನೆಗಳಲ್ಲಿ ಇಂದಿಗೂ ಸಿಗುತ್ತವೆ. ಅವುಗಳನ್ನು ಹೊರತೆಗೆದು ಹಾಲ್‌ನಲ್ಲಿ ಇಡುವುದು ಒಳ್ಳೆಯದೇ. ಇಡುವ ಮುಂಚೆ ಕೆಳಗಿನದನ್ನು ಓದಿ.

ಎಲ್ಲಕ್ಕಿಂತ ಮೊದಲು

ಉಪಕರಣದ ಜೊತೆ ಇರುವ ಪೆಟ್ಟಿಗೆ, ಚೀಟಿ, ಪುಸ್ತಕ ಯಾವುದನ್ನೂ ಬೇರೆ ಮಾಡಬೇಡಿ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ ಕಾಗದವನ್ನು ಕೀಳಬೇಡಿ. ತಯಾರಿಸಿದವರ ಹೆಸರು, ರಿಪೇರಿಯ ತಾರೀಖು, ಕೆಲವೊಮ್ಮೆ ಬಳಸಿದವನ ಸಹಿ ಇರುವುದು ಅಲ್ಲೇ.

ಮಳೆ ರಿಜಿಸ್ಟರ್ ವಿಷಯವನ್ನು ಒತ್ತಿ ಹೇಳಬೇಕು. ತೋಟದಲ್ಲಿ ತಾತನ ಕಾಲದಿಂದ ದಿನಾ ಬೆಳಿಗ್ಗೆ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕ ಇದ್ದರೆ ಅದರ ಬೆಲೆ ಹಿತ್ತಾಳೆ ಮಾಪಕಕ್ಕಿಂತ ಹೆಚ್ಚು. ಭಾಗಮಂಡಲದಲ್ಲಿ ಸುರಿಯುವ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಎರಡು ಗುಡ್ಡ ದಾಟಿದರೆ ಲೆಕ್ಕ ಬದಲಾಗುವ ಜಿಲ್ಲೆ ಇದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ‘ಇಂಥ ಮಳೆ ಹಿಂದೆ ಯಾವಾಗಲಾದರೂ ಬಂದಿತ್ತಾ’ ಎಂದು ಎಲ್ಲರೂ ಕೇಳಿದ್ದರು. ನಿಮ್ಮ ಗುಡ್ಡದ ಮಟ್ಟಿಗೆ ಅದಕ್ಕೆ ಉತ್ತರ ಇರುವುದು ನಿಮ್ಮ ತೋಟದ ಪುಸ್ತಕದಲ್ಲಿ. ಪ್ರತಿ ಪುಟದ ಫೋಟೊ ತೆಗೆದು ಎರಡು ಕಡೆ ಇಡಿ. ಗೆದ್ದಲು ಬರುವ ಮರದ ಬೀರುವಿನಲ್ಲಿ ಇಡಬೇಡಿ. ಹಳೇ ಪೇಪರ್ ಜೊತೆ ಗುಜರಿಗೆ ಹಾಕುವುದಂತೂ ಕೂಡದೇ ಕೂಡದು.

ಮಳೆಮಾಪಕ ಇನ್ನೂ ಅಂಗಳದಲ್ಲಿ ಕೆಲಸ ಮಾಡುತ್ತಿದ್ದರೆ ಅಲಂಕಾರಕ್ಕೆಂದು ಕೀಳಬೇಡಿ. ಹೂಮಳೆ ಎಷ್ಟು ಬಿತ್ತೆಂದು ಅದು ಹೇಳುತ್ತಿರಲಿ. ಅಳತೆಯ ಗಾಜು ಒಡೆದರೆ ಸಿಕ್ಕಿದ ಗಾಜನ್ನು ಜೋಡಿಸಬೇಡಿ. ಐದಿಂಚು ಬಾಯಿಯ ಮಾಪಕಕ್ಕೆ ಗೆರೆ ಹಾಕಿದ ಗಾಜು ಎಂಟಿಂಚಿನದಕ್ಕೆ ತಪ್ಪು ಲೆಕ್ಕವನ್ನೇ ಕೊಡುತ್ತದೆ.

ಐನ್‌ಮನೆಯಲ್ಲಿ ಸಿಕ್ಕಿದ ವಸ್ತು ಇಡೀ ಒಕ್ಕಕ್ಕೆ ಸೇರಿದ್ದು. ಪಟ್ಟೆದಾರರನ್ನು ಕೇಳದೆ ಪೇಟೆಯ ಮನೆಗೆ ಒಯ್ಯಬೇಡಿ. ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪದ ಅಕ್ಕಪಕ್ಕ, ಇವುಗಳನ್ನು ತೂಗುಹಾಕುವುದೂ ಬೇಡ.

ಉಜ್ಜಬೇಡಿ

ಹೆಚ್ಚಿನ ಉಪಕರಣಗಳು ಹಾಳಾಗುವುದು ಉಜ್ಜಿಯೇ. ದೀಪ, ಚೆಂಬು ಬೆಳಗಿದ ಹಾಗೆ ಹುಣಸೆಹುಳಿ, ನಿಂಬೆ, ಕಾಚಂಪುಳಿ, ಬೂದಿ ಹಾಕಬಾರದು. ಬ್ರಾಸೋ ಕೂಡ ಬೇಡ. ಥಿಯೋಡೊಲೈಟ್‌ನ ಕೋನ ಅಳೆಯುವ ಚಕ್ರವನ್ನು ಭೂತಗನ್ನಡಿ ಹಿಡಿದು ನೋಡಿ. ಹಿತ್ತಾಳೆಯೊಳಗೆ ಕೂರಿಸಿದ ತೆಳು ಬೆಳ್ಳಿಯ ಪಟ್ಟಿ ಇರುತ್ತದೆ, ಅದರ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು, ಗೆರೆಗಳೊಳಗೆ ಕಪ್ಪು ತುಂಬಿರುತ್ತದೆ. ಪಕ್ಕದಲ್ಲಿ ಜಾರುವ ವರ್ನಿಯರ್ ಪಟ್ಟಿ. ಆ ಎರಡು ಪಟ್ಟಿಗಳ ಗೆರೆ ಎಲ್ಲಿ ಸೇರುತ್ತದೆ ಎಂದು ನೋಡಿಯೇ ಡಿಗ್ರಿಯ ಚೂರುಗಳನ್ನು ಓದುತ್ತಿದ್ದರು. ಹುಳಿ ಹಚ್ಚಿ ಒಂದು ಸಲ ತಿಕ್ಕಿದರೆ ಕಪ್ಪು ಹೋಗುತ್ತದೆ, ಎರಡು ಸಲ ತಿಕ್ಕಿದರೆ ಗೆರೆಯೂ ಸವೆಯುತ್ತದೆ. ಅದನ್ನು ಮತ್ತೆ ಮನೆಯಲ್ಲಿ ಕೊರೆಯಲಾಗುವುದಿಲ್ಲ. ಉಳಿದ ಹಿತ್ತಾಳೆಯ ಮೇಲಿರುವ ಕಂದು ಮೆರುಗೂ ಕೊಳೆಯಲ್ಲ, ತಯಾರಿಸಿದವರೇ ಬಳಿದದ್ದು. ಮೃದುವಾದ ಒಣ ಕುಂಚ, ಒಗೆದು ಒಣಗಿಸಿದ ಹತ್ತಿ ಬಟ್ಟೆ ಇಷ್ಟೇ ಸಾಕು. ಹಸಿರು ಕಿಲುಬು ಕಟ್ಟಿದ್ದರೆ ಬಲ್ಲವರಿಗೆ ತೋರಿಸಿ.

ಥಿಯೋಡೊಲೈಟ್‌ನ ಕಾಲು ಕತ್ತರಿಸಿ ಟೇಬಲ್ ಲ್ಯಾಂಪ್ ಮಾಡಬೇಡಿ. ವಯರ್ ಹಾಯಿಸಲು ಸೂಕ್ಷ್ಮದರ್ಶಕಕ್ಕೆ ತೂತು ಕೊರೆಯಬೇಡಿ. ಮುಕ್ಕಾಲಿ ಬೇಕಿದ್ದರೆ ಬಡಗಿಯಿಂದ ಹೊಸದು ಮಾಡಿಸಿ.

ಪಾದರಸ, ರೇಡಿಯಂ

ಇಲ್ಲಿ ವಿನಾಯಿತಿ ಇಲ್ಲ.

ಉದ್ದ ಕೊಳವೆಯ ಹಳೆಯ ಬ್ಯಾರೋಮೀಟರ್‌ನಲ್ಲಿ ಪಾದರಸ ಇರುತ್ತದೆ. ಅದನ್ನು ಮಕ್ಕಳು ಓಡಾಡುವ ಜಾಗದಲ್ಲಿ, ಬಾಗಿಲ ಹಿಂದೆ, ಸಡಿಲ ಮೊಳೆಗೆ ನೇತುಹಾಕಬಾರದು. ಒಡೆದರೆ ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಉಂಗುರ, ಬಳೆ ತೆಗೆದಿಟ್ಟು ಕೈಗವಸು ಹಾಕಿಕೊಳ್ಳಿ, ಪಾದರಸ ಚಿನ್ನದ ಜೊತೆ ಬೆರೆತು ಅದನ್ನು ಕೆಡಿಸುತ್ತದೆ. ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ಉಳಿದ ಚೂರುಗಳನ್ನು ಅಂಟುಟೇಪಿನಿಂದ ಎತ್ತಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಮುಟ್ಟಬೇಡಿ. ಸಿಂಕಿಗಾಗಲಿ ತೋಡಿಗಾಗಲಿ ಸುರಿಯಬೇಡಿ, ಅದು ಮೀನಿನ ಮೂಲಕ ಊಟಕ್ಕೇ ಬರುತ್ತದೆ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಕಸದಿಂದಾಗಿ 2001ರಲ್ಲಿ ಮುಚ್ಚಿತು. ಅಲ್ಲಿನ ಮಣ್ಣಿನ ತಕರಾರು ಆಮೇಲೂ ವರ್ಷಗಟ್ಟಲೆ ಮುಗಿಯಲಿಲ್ಲ.

ಎರಡನೇ ಮಹಾಯುದ್ಧದ ದಿಕ್ಸೂಚಿ ಕೊಡಗಿನ ಎಷ್ಟೋ ಮನೆಗಳಲ್ಲಿದೆ. ಕತ್ತಲಲ್ಲಿ ಹೊಳೆಯಲೆಂದು ಅದರ ಮುಳ್ಳಿಗೆ, ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಈಗ ಹೊಳೆಯುವುದಿಲ್ಲ ಎಂದು ಸುಮ್ಮನಿರಬೇಡಿ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಗಾಜು ತೆಗೆಯಬೇಡಿ, ಬಣ್ಣ ಕೆರೆಯಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಇರಲಿ.

ಗೋಡೆಗೆ ಹಾಕುವಾಗ

ದುಂಡಗಿನ ಗೋಡೆ ಬ್ಯಾರೋಮೀಟರ್ ಕೆಟ್ಟಿದೆ ಎಂದು ಎಸೆಯಬೇಡಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 30 ಇಂಚು, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 26 ಇಂಚಿನ ಆಸುಪಾಸು. ಇಂಗ್ಲೆಂಡಿನ ಮನೆಗೆಂದು ಮಾಡಿದ ಮಾಪಕದಲ್ಲಿ ಅಂಕಿ ಸಾಮಾನ್ಯವಾಗಿ 27 ಅಥವಾ 28ರಿಂದ ಶುರು. ಹಾಗಾಗಿ ಮುಳ್ಳು ಎಡಗಡೆ ಅಂಕಿ ದಾಟಿ ಬಿದ್ದಿರುತ್ತದೆ. ಹಿಂಬದಿಯ ಸಣ್ಣ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಸರಿಮಾಡಿ, ಬಿಗಿ ಎನಿಸಿದರೆ ಅಲ್ಲಿಗೇ ನಿಲ್ಲಿಸಿ. ಮುಖದ ಮೇಲೆ ಬರೆದ ‘ರೇನ್’, ‘ಫೇರ್’ ನಂಬಿ ಕಾಫಿ ಒಣಹಾಕಬೇಡಿ. ಮುಳ್ಳು ಸರಿಯಾಗಿ ಆಡುತ್ತಿದೆಯೇ ಎಂದು ತಿಳಿಯಲು, ಮಳೆಗಾಳಿ ಇಲ್ಲದ ದಿನ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ನೋಡಿ. ನಮ್ಮ ಕಡೆ ಒತ್ತಡ ಹತ್ತರ ಹೊತ್ತಿಗೆ ಏರಿ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ನೂರು ವರ್ಷದ ಪೆಟ್ಟಿಗೆಯೊಳಗೆ ಆ ಏರಿಳಿತ ಇನ್ನೂ ನಡೆಯುತ್ತಿರುವುದನ್ನು ಕಾಣುವುದೇ ಒಂದು ಖುಷಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರುವ ಪಡುವಣ ಗೋಡೆ, ಜಗಲಿ, ಅಡುಗೆಮನೆಯ ಹೊಗೆ ಬರುವ ಜಾಗ ಯಾವುದೂ ಬೇಡ. ಮಸೂರಕ್ಕೆ ಬೂಷ್ಟು ಹಿಡಿದರೆ ಅದು ಗಾಜನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ದುರ್ಬೀನು, ಸೂಕ್ಷ್ಮದರ್ಶಕಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ, ಜೆಲ್ ಆಗಾಗ ಒಣಗಿಸಿ. ಚರ್ಮದ ಚೀಲದಲ್ಲಿಡಬೇಡಿ, ಬೂಷ್ಟು ಮೊದಲು ಚರ್ಮಕ್ಕೇ ಬರುತ್ತದೆ. ಬೇಸಿಗೆಯಲ್ಲಿ ದುರ್ಬೀನಿನ ದೊಡ್ಡ ಗಾಜು ಬಿಸಿಲಿಗೆ ಮುಖಮಾಡಿ ಕಿಟಕಿಯಲ್ಲಿರಬಾರದು. ಪರದೆಗೆ ಬೆಂಕಿ ಹತ್ತುತ್ತದೆ.

ಕೊಳ್ಳುವಾಗ, ಕೊಡುವಾಗ

ಥಳಥಳ ಹೊಳೆಯುವ, ‘ಲಂಡನ್’ ಎಂದು ದಪ್ಪಗೆ ಕೆತ್ತಿದ ದುರ್ಬೀನು, ಸೆಕ್ಸ್‌ಟೆಂಟ್‌ಗಳನ್ನು ಹಳೆಯದೆಂದು ಕೊಳ್ಳಬೇಡಿ. ಅಂಥವು ರೂರ್ಕಿಯಲ್ಲಿ ಇಂದಿಗೂ ತಯಾರಾಗುತ್ತವೆ. ಅಲಂಕಾರಕ್ಕೆ ಅವೂ ಚೆಂದವೇ, ಹೊಸದರ ಬೆಲೆಗೆ ಕೊಳ್ಳಿ. ನಿಜವಾದದ್ದರಲ್ಲಿ ಕೆತ್ತನೆ ಸಣ್ಣದು, ತಿರುಪುಗಳು ನುಣ್ಣಗೆ ತಿರುಗುತ್ತವೆ, ಅಳತೆಯ ಗೆರೆಗಳು ಸಮನಾಗಿರುತ್ತವೆ. ಎಂ.ಐ.ಓ. ಎಂದು ಗುರುತಿದ್ದರೆ 1830ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಮ್ಯಾಥಮ್ಯಾಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸಿನದಿರಬಹುದು. ಜೋಪಾನ ಮಾಡಿ. ಇಲಾಖೆಯ, ಕಾಲೇಜಿನ ಮುದ್ರೆ ಇದ್ದರೆ ಹರಾಜಿನ ರಶೀದಿ ಕೇಳಿ, ಇಲ್ಲದಿದ್ದರೆ ಬಿಡಿ. ಬೆಟ್ಟದ ತುದಿಯ ಸರ್ವೆ ಕಲ್ಲನ್ನು ಕಿತ್ತು ತಂದವರಿಂದ ಏನನ್ನೂ ಕೊಳ್ಳಬೇಡಿ.

1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಗತಕಾಲದ ವಿಜ್ಞಾನವನ್ನು ತೋರಿಸುವಂಥದ್ದಾದರೆ ಅದೂ ಪುರಾತನ ವಸ್ತುವೇ. ವಿದೇಶದಲ್ಲಿರುವ ಮಗನಿಗೆ, ಮಗಳಿಗೆ ಉಡುಗೊರೆಯೆಂದು ಸೂಟ್‌ಕೇಸಿನಲ್ಲಿಟ್ಟು ಕಳಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ತ್ವ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ಪಾದರಸದ ಬ್ಯಾರೋಮೀಟರ್ ಎಷ್ಟೇ ಹೊಸದಾಗಿದ್ದರೂ ಪ್ರಯಾಣಿಕರು ವಿಮಾನಕ್ಕೆ ತರಬಾರದು. ಸೋರಿದರೆ ಪಾದರಸ ವಿಮಾನದ ಅಲ್ಯೂಮಿನಿಯಂ ತಿನ್ನುತ್ತದೆ.

ತೋಟ ಮಾರುವಾಗ ಬಂಗಲೆಯ ಸಾಮಾನಿನ ಪಟ್ಟಿಯಲ್ಲಿ ಪ್ರತಿ ಉಪಕರಣವನ್ನು ಹೆಸರಿಟ್ಟು ಬರೆಯಿರಿ. ಮಾಪಕ, ಅದರ ಗಾಜು, ಅದರ ರಿಜಿಸ್ಟರ್ ಮೂರೂ ಒಬ್ಬರ ಕೈಗೇ ಹೋಗಲಿ. ಕೊಳ್ಳುವವರಿಗೆ ಬೇಡವೆಂದಾದರೆ ಗುಜರಿಯವನನ್ನು ಕರೆಯುವ ಮುಂಚೆ ಮಡಿಕೇರಿ ಕೋಟೆಯ ಹಳೆಯ ಚರ್ಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ವಿಚಾರಿಸಿ.