ಮೊದಲು ಮಾರುಕಟ್ಟೆ, ಆಮೇಲೆ ಕೋಡ್

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಇ-ಹರಾಜಿಗೆ ನಾವೊಂದು ಆ್ಯಪ್ ಮಾಡ್ತೀವಿ ಅಂದ್ಕೊಳ್ಳಿ. ಗ್ರಾಹಕ ಯಾರು? ಬಿಡ್ ಹಾಕುವ ರೀಲರ್ ಅಂತ ಥಟ್ಟನೆ ಹೇಳಿಬಿಡ್ತೀವಿ. ಗೂಡು ತಂದ ರೈತರು? ಹುಳು ಗೂಡು ಕಟ್ಟಿದ ಸುಮಾರು 2 ವಾರದೊಳಗೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತೆ. ಆಮೇಲೆ ಎಳೆ ಬಿಚ್ಚೋಕಾಗಲ್ಲ. ಒಳ್ಳೆ ಬೆಲೆ ಬರಲಿ ಅಂತ ಕಾಯೋ ಹಾಗಿಲ್ಲ. ಅವರ ಪ್ರಶ್ನೆ ಒಂದೇ: ಈ ಬೆಲೆಗೆ ಒಪ್ಪಲೋ, ಬೇಡವೋ?

ಅಜೈಲ್‌ನಲ್ಲಿ ಯೂಸರ್ ಸ್ಟೋರಿ ಹುಟ್ಟೋದು ಇಂಥ ಪ್ರಶ್ನೆಯಿಂದ: ಯಾರಿಗೆ, ಏನು, ಯಾಕೆ. ಮೊದಲ ಸ್ಪ್ರಿಂಟ್‌ಗೆ ಒಂದೇ ಪರದೆ ಸಾಕು: ಲಾಟ್ ನಂಬರ್, ಬಂದ ಬೆಲೆ, ಅದೇ ತಳಿಯ ಇವತ್ತಿನ ಸರಾಸರಿ ದರ, ಎರಡು ಬಟನ್. ಅದನ್ನ ರೈತರ ಕೈಗೆ ಕೊಟ್ಟು ಸುಮ್ಮನೆ ನೋಡೋಣ. ಬೆರಳು ಎಲ್ಲಿ ತಡವರಿಸುತ್ತೋ, ಮುಂದಿನ ಸ್ಪ್ರಿಂಟ್ ಅಲ್ಲಿಂದಲೇ ಶುರು.